ಕಿನ್ನಿಯ ಎಡಗೈ

ಕುಂಬಳೆಯ ರೈಲು ನಿಲ್ದಾಣದ ಹತ್ತಿರವಿದ್ದ ಹರಿನಾರಾಯಣ ಪಂಡಿತರ ಔಷಧಿ ಅಂಗಡಿಗೆ ಬರುವವರಲ್ಲಿ, ಅಲ್ಲಿ ಕೆಲಸಕ್ಕಿದ್ದ ಕಿನ್ನಿಯ ಬಾಯಿಗೆ ಹೆದರದವರಿರಲಿಲ್ಲ. ಅವಳ ಕೈಗೆ ಇನ್ನೂ ಹೆಚ್ಚು ಹೆದರುತ್ತಿದ್ದರು. ಬೇರು ಜಜ್ಜುವ ಒನಕೆಯನ್ನು ಅವಳು ಒಂದೇ ಕೈಯಲ್ಲಿ ಎತ್ತುತ್ತಿದ್ದಳು. ಕುಡಿದು ಬಂದು ಕೂದಲಿಗೆ ಕೈಹಾಕಿದ ಗಂಡನನ್ನು ಅಂಗಳಕ್ಕೆ ಎಸೆದು, ಎದ್ದವನನ್ನು ಮತ್ತೆ ಕೆಡವಿ, ಮೂರನೇ ಸಲ ಏಳದ ಹಾಗೆ ಮಾಡಿದವಳು. ಅವನೇನೂ ಸಾಯಲಿಲ್ಲ, ಘಟ್ಟ ಹತ್ತಿ ಹೋದ, ಮತ್ತೆ ಈ ಕಡೆ ತಲೆ ಹಾಕಲಿಲ್ಲ. ಅವಳ ಬಗ್ಗೆ ಒಳ್ಳೆಯ ಮಾತಾಡುವವರು ಊರಲ್ಲಿ ಕಡಿಮೆ. ಆಡಿದರೂ ಅವಳ ಎಡಗೈಯ ಬಗ್ಗೆ ಮಾತ್ರ ಆಡುತ್ತಿದ್ದರು.

ಪಂಡಿತರು ಕಜ್ಜಿ, ಹುಳುಕಡ್ಡಿ, ಎಳೆಮಕ್ಕಳ ಮೈಯ ತುರಿಕೆ ಇವಕ್ಕೆಲ್ಲ ದಂತಪಾಲೆ ಮರದ ಎಲೆಯ ಎಣ್ಣೆ ಮಾಡುತ್ತಿದ್ದರು. ಎಲೆಗೆ ಕತ್ತಿ ತಾಗಿಸದೆ ಕೈಯಲ್ಲೇ ಹರಿದು, ತೆಂಗಿನೆಣ್ಣೆಯಲ್ಲಿ ಮುಳುಗಿಸಿ ಏಳು ದಿನ ಬಿಸಿಲಿಗಿಟ್ಟರೆ ಎಣ್ಣೆ ನೇರಳೆ ಬಣ್ಣಕ್ಕೆ ತಿರುಗುತ್ತದೆ. ಬಣ್ಣ ಬಂತೆಂದು ಅವರು ಮಾರುವವರಲ್ಲ. ಪ್ರತಿ ಸಲದ ಎಣ್ಣೆಯನ್ನೂ ಮೊದಲು ಮೊಣಕೈಯ ಒಳಮಡಿಕೆಗೆ ಹಚ್ಚಿ, ಮೇಲೆ ಬಾಳೆಲೆಯ ಚೂರಿಟ್ಟು, ಬಟ್ಟೆ ಕಟ್ಟಿ, ಮೂರು ದಿನ ನೀರು ತಾಗಿಸದೆ ಕಾಯಬೇಕು. ಚರ್ಮ ಕೆಂಪಾದರೆ ಅಷ್ಟೂ ಎಣ್ಣೆ ತೆಂಗಿನಮರದ ಬುಡಕ್ಕೆ. ಮೊದಮೊದಲು ಪಂಡಿತರು ತಮ್ಮ ಕೈಗೇ ಹಚ್ಚಿಕೊಳ್ಳುತ್ತಿದ್ದರು. ಅವರ ಚರ್ಮವೋ ಸೊಳ್ಳೆ ಕಚ್ಚಿದರೂ ದದ್ದು ಏಳುವಂಥದು. ಹೀಗಾಗಿ ಮಾಡಿದ್ದರಲ್ಲಿ ಅರ್ಧ ಎಣ್ಣೆಯನ್ನು ತೆಂಗಿನಮರವೇ ಕುಡಿಯುತ್ತಿತ್ತು.

ಕಿನ್ನಿ ಬಂದ ಮೇಲೆ ಆ ಕೆಲಸ ಅವಳ ಎಡಗೈಗೆ ದಾಟಿತು. ಅದಕ್ಕೆ ಮೊದಲು ಅವಳು ಮಂಗಳೂರಿನ ಒಂದು ಗೇರುಬೀಜದ ಕಾರ್ಖಾನೆಯಲ್ಲಿ ಹದಿನಾಲ್ಕು ವರ್ಷ ಬೀಜ ಒಡೆದವಳು. ಹತ್ತನೇ ವಯಸ್ಸಿಗೆ ಅಲ್ಲಿ ಸೇರಿದಾಗ ಸಿಪ್ಪೆಯ ಕಪ್ಪೆಣ್ಣೆ ತಾಗಿ ಎರಡು ಕೈಯೂ ಮೊಣಕೈವರೆಗೆ ಬೊಕ್ಕೆ ಎದ್ದು, ಒಡೆದು, ಸಿಪ್ಪೆ ಸುಲಿದಿತ್ತು. ಅನ್ನ ಕಲಸಲಾಗದೆ ನಾಯಿಯ ಹಾಗೆ ಬಾಯಿ ಹಾಕಿ ತಿಂದ ದಿನಗಳುಂಟು. ಎರಡು ವರ್ಷ ಕಳೆದ ಮೇಲೆ ಕೈ ಪಳಗಿತು. ಅಂಥ ಉರಿ ಕಂಡ ಕೈಗಿಂತ ಚೆನ್ನಾಗಿ ಉರಿಯನ್ನು ಬಲ್ಲವರು ಯಾರು ಎಂದು ಪಂಡಿತರು ವಾದಿಸಿದರು. ಕಿನ್ನಿಯೂ ನಂಬಿದಳು. ಆರು ವರ್ಷದಲ್ಲಿ ಆ ಕೈ ಒಮ್ಮೆಯೂ ಕೆಂಪಾಗಲಿಲ್ಲ. ಅದು ಎಣ್ಣೆಯ ಗುಣ ಎಂದುಕೊಂಡರೇ ಹೊರತು, ಓದಿದ ಪಂಡಿತರಿಗಾಗಲಿ ಓದದ ಕಿನ್ನಿಗಾಗಲಿ ಬೇರೆ ಯೋಚನೆ ಬರಲಿಲ್ಲ. ಕಿನ್ನಿಯ ಕೈ ನೋಡಿ ಕೊಟ್ಟದ್ದು ಎಂದರೆ ದೂರದ ಬಾಯಾರು ಊರಿನಿಂದ ಬಂದವರೂ ಮರುಮಾತಿಲ್ಲದೆ ಬಾಟಲಿ ಒಯ್ಯುತ್ತಿದ್ದರು. ಬೇರೆ ಯಾವುದಕ್ಕೂ ಯಾರೂ ಹೊಗಳದ ಆ ಹೆಂಗಸು ಎಡಗೈಯ ರವಿಕೆಯ ತೋಳನ್ನು ಮೇಲಕ್ಕೆ ಮಡಚಿಯೇ ನಡೆಯುತ್ತಿದ್ದಳು.

ಸ್ವಾತಂತ್ರ್ಯ ಬಂದು ಎರಡು ವರ್ಷವಾಗಿತ್ತು. ಬೇಸಗೆಯ ಒಂದು ಬೆಳಗ್ಗೆ ಎತ್ತಿನಗಾಡಿಯ ಕೂಸಪ್ಪ ನಾಲ್ಕು ಜನರನ್ನು ಕಟ್ಟಿಕೊಂಡು ಅಂಗಡಿಗೆ ನುಗ್ಗಿದ. ಪಂಡಿತರ ಕತ್ತು ಹಿಡಿದು ತಲೆಯನ್ನು ಕಪಾಟಿಗೆ ಗುದ್ದಿದ. ಗಾಜು ಒಡೆದು ಅವರ ಹಣೆ ಸೀಳಿತು. ಬಾರುಕೋಲು ಬೀಸಿ ಮೇಲಿನ ಸಾಲಿನ ಬಾಟಲಿಗಳನ್ನೆಲ್ಲ ಕೆಡವಿದ. ಅವನ ಐದು ತಿಂಗಳ ಮಗುವಿನ ಕುತ್ತಿಗೆಯ ತುರಿಕೆಗೆಂದು ಹೆಂಡತಿ ಲೋಲಾಕ್ಷಿ ಇಲ್ಲಿಂದಲೇ ಎಣ್ಣೆ ಒಯ್ದಿದ್ದಳು. ಎರಡು ದಿನ ಹಚ್ಚುವಷ್ಟರಲ್ಲಿ ಕುತ್ತಿಗೆಯಿಂದ ಹೊಟ್ಟೆಯವರೆಗೆ ಚರ್ಮ ಬೊಕ್ಕೆ ಎದ್ದು ಕಿತ್ತು ಬಂದಿತ್ತು. ಕಿನ್ನಿ ಒನಕೆ ತಿರುಗಿಸಿ ಕೂಸಪ್ಪನ ಮೊಣಕಾಲಿಗೆ ಬಡಿದಳು. ಅವನು ಕುಕ್ಕರಿಸಿದ ಮೇಲೆಯೇ ಉಳಿದವರು ಹಿಂದೆ ಸರಿದದ್ದು.

ಅಷ್ಟರಲ್ಲಿ ಲೋಲಾಕ್ಷಿ ಮಗುವನ್ನೆತ್ತಿಕೊಂಡು ಓಡಿ ಬಂದಳು. ಅವಳ ಬೆರಳುಗಳಲ್ಲೂ ಬೊಕ್ಕೆ ಇತ್ತು. ಎಲ್ಲ ಆ ಎಣ್ಣೆಯಿಂದಲೇ ಆದದ್ದು ಎಂದು ಅವಳು ಬೀದಿಗೆ ಕೇಳುವಂತೆ ಹೇಳಿದಳು. ಕಿನ್ನಿಗೆ ಅದು ತನ್ನ ಮುಖಕ್ಕೆ ಉಗಿದಂತಾಯಿತು. ಮಗು ಕಂಕುಳಲ್ಲಿದೆ ಎಂಬುದನ್ನೂ ನೋಡದೆ ಲೋಲಾಕ್ಷಿಯ ಕೆನ್ನೆಗೆ ಬಾರಿಸಿದಳು.

“ಈ ಕೈ ಸುಳ್ಳು ಹೇಳ್ತದಾ? ಅದೇ ಬಾಟಲಿ ತಾ. ನಿನ್ನ ಗಂಡನೇ ಹಚ್ಚಲಿ. ಮೂರು ದಿನ ನಿಮ್ಮ ಅಂಗಳದಲ್ಲೇ ಕೂರ್ತೇನೆ,” ಎಂದಳು.

ಕೂಸಪ್ಪ ಬಾಟಲಿ ತರಿಸಿ, ಮೋಸವಾಗದಿರಲೆಂದು ತಾನೇ ಎಣ್ಣೆಯನ್ನು ಬೆರಳುಗಳಿಗೆ ಸುರಿದುಕೊಂಡು, ಬೆರಳ ತುದಿಯಿಂದ ಅವಳ ಎಡ ಮೊಣಕೈಯ ಒಳಮಡಿಕೆಗೆ ತಿಕ್ಕಿದ. ಎಣ್ಣೆ ಅವನ ಮುಂಗೈಯ ಮೇಲೂ ಒಂದು ಗೆರೆಯಾಗಿ ಹರಿಯಿತು. ಬಟ್ಟೆ ಕಟ್ಟಿ ಗಂಟನ್ನೂ ಅವನೇ ಬಿಗಿದ.

ಮೂರು ದಿನ ಕಿನ್ನಿ ಅವರ ಅಂಗಳದಲ್ಲಿ ಕುಳಿತಳು. ಒಳಗೆ ಮಗು ಅತ್ತು ಅತ್ತು ಸ್ವರ ಬಿದ್ದುಹೋಗಿತ್ತು. ಮೂರನೇ ದಿನ ಮಧ್ಯಾಹ್ನ ಹತ್ತಾರು ಜನರ ಮುಂದೆ ಕಟ್ಟು ಬಿಚ್ಚಿದರು. ಕೈ ತೊಳೆದಿಟ್ಟ ಹಾಗಿತ್ತು. ಕೂಸಪ್ಪನ ತಾಯಿ ಅಮ್ಮು ಆಗ ಬಾಯಿ ತೆರೆದಳು. ತಾನಿಲ್ಲದಾಗ ಸೊಸೆ ಮಗುವಿಗೆ ಕುದಿಯುವ ನೀರು ಹೊಯ್ದಿರಬೇಕು, ಅದಕ್ಕೇ ಅವಳ ಬೆರಳೂ ಬೆಂದದ್ದು, ಮುಚ್ಚಿಹಾಕಲು ಎಣ್ಣೆಯ ಹೆಸರು ಹೇಳಿದಳು ಎಂದಳು. ಎಳೆಮಗುವಿರುವ ಮನೆಯಲ್ಲಿ ಹಂಡೆ ತುಂಬ ಬಿಸಿನೀರು ಕಾಯುತ್ತಲೇ ಇರುತ್ತದೆ. ಯಾರಿಗಾದರೂ ಒಪ್ಪಿಗೆಯಾಗುವ ಮಾತು.

ಕೂಸಪ್ಪ ಹೆಂಡತಿಯನ್ನು ಕೂದಲು ಹಿಡಿದು ಎಳೆದು ತಂದ. ಮೊದಲು ಬಾರುಕೋಲಿನ ಬಾರಿನಿಂದ ಹೊಡೆದ, ಅದು ಸುತ್ತಿಕೊಂಡಾಗ ತಿರುಗಿಸಿ ಹಿಡಿಯಿಂದ ಹೊಡೆದ. ಅವಳ ಹಲ್ಲು ಮುರಿದು ಸಗಣಿ ಸಾರಿಸಿದ ನೆಲಕ್ಕೆ ಬಿತ್ತು. ಅವಳು ಮುಖ ಮುಚ್ಚಿಕೊಂಡರೆ ಬೆನ್ನಿಗೆ, ಬೆನ್ನು ತಿರುಗಿಸಿದರೆ ಹೊಟ್ಟೆಗೆ. ನಿಂತವರು ನಿಂತೇ ಇದ್ದರು. ಒನಕೆ ಎತ್ತುವ ಕಿನ್ನಿ ಅಲ್ಲೇ ಇದ್ದಳು, ಒಂದು ಹೆಜ್ಜೆ ಮುಂದೆ ಬರಲಿಲ್ಲ. ಮಗುವನ್ನು ಬೇಯಿಸಿದವಳಿಗೆ ಅಷ್ಟಾದರೂ ಆಗಬೇಕು ಎಂದು ಅವಳಿಗೆ ಅನ್ನಿಸಿತ್ತು. ಇದನ್ನು ಮರೆಮಾಚಿ ಅವಳನ್ನು ಒಳ್ಳೆಯವಳನ್ನಾಗಿ ಮಾಡುವುದು ಕತೆ ಹೇಳುವ ನನ್ನಿಂದಾಗದು. ಸಂಜೆಗೆ ಲೋಲಾಕ್ಷಿಯ ಅಣ್ಣಂದಿರು ಬಂದು ಅವಳನ್ನು ಹತ್ತಿರದ ಅನಂತಪುರದ ತಾಯಿಮನೆಗೆ ಹೊತ್ತುಕೊಂಡು ಹೋದರು. ಮಗುವನ್ನು ಮಾತ್ರ ಅಮ್ಮು ಕೊಡಲಿಲ್ಲ. ಹಾಲು ಕುಡಿಯುವ ಮಗುವಿಗೆ ಬಟ್ಟೆಯ ತುದಿಯಲ್ಲಿ ಗಂಜಿತಿಳಿ ಹಿಂಡಿದಳು.

ಮರುದಿನ ಕೂಸಪ್ಪ ಅಂಗಡಿಗೆ ಬಂದ. ಪಂಡಿತರ ಹಣೆಯ ಕಟ್ಟು ನೋಡಿ ತಲೆ ತಗ್ಗಿಸಿದ. ಮಗು ಗಂಜಿಯನ್ನು ಕಕ್ಕುತ್ತಿದೆ, ಮೈ ಸುಡುತ್ತಿದೆ, ಏನಾದರೂ ಕೊಡಬೇಕು ಎಂದ. ಆಮೇಲೆ ತನ್ನ ಬಲಗೈಯನ್ನೂ ಚಾಚಿದ.

“ಅವಳಿಗೆ ಹೊಡೆದು ಹೊಡೆದು ನನ್ನ ಕೈಯೇ ಬೊಕ್ಕೆ ಬಂತು, ಕಿನ್ನಿಯಕ್ಕ. ಇದಕ್ಕೆ ಎಂತದಾದರೂ ಉಂಟಾ?”

ಕಿನ್ನಿ ಕೈ ಹಿಡಿದು ನೋಡಿದಳು. ಕೋಲು ಹಿಡಿಯುವ ಅಂಗೈಯಲ್ಲಿ ಒಂದು ಬೊಕ್ಕೆಯೂ ಇರಲಿಲ್ಲ. ಬೆರಳ ತುದಿ, ಬೆರಳ ಸಂದು, ಮುಂಗೈಯ ಮೇಲೆ ಉದ್ದಕ್ಕೆ ಒಂದು ಗೆರೆ. ಎಣ್ಣೆ ಹರಿದ ಜಾಗವೇ, ಬಿಸಿಲಿಗೆ ಒರಟಾದ ಚರ್ಮದಲ್ಲಿ ತಡವಾಗಿ, ಬೊಕ್ಕೆಯಾಗಿತ್ತು. ಅವಳು ಅವನ ಕೈಯನ್ನು ಬಿಟ್ಟಳು. ಹಿತ್ತಲಿಗೆ ಓಡಿ ತೆಂಗಿನೆಣ್ಣೆಯ ಡಬ್ಬ ಮಗುಚಿ ತಳಕ್ಕೆ ಬೆರಳು ಹಾಕಿದಳು. ಕಪ್ಪಗೆ, ಅಂಟಂಟಾಗಿ ಬಂತು. ಹದಿನಾಲ್ಕು ವರ್ಷ ಮೆತ್ತಿಕೊಂಡ ಎಣ್ಣೆಯ ಗುರುತು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ. ದೋಣಿಯ ಹಲಗೆಗೆ ಬಳಿಯಲು ಮೀನುಗಾರರು ತರಿಸುವ ಗೇರುಸಿಪ್ಪೆಯ ಎಣ್ಣೆ ಅದು. ತೆಂಗಿನೆಣ್ಣೆ ಕೊಡುವ ಗಾಣದವನು ಈ ಸಲ ತನ್ನ ಡಬ್ಬ ತೂತಾಯಿತೆಂದು ಕಡಲ ಬದಿಯಿಂದ ಒಂದು ಹಳೆಯ ಡಬ್ಬ ತಂದು ಅದರಲ್ಲಿ ತುಂಬಿಸಿ ಕೊಟ್ಟದ್ದನ್ನು ಪಂಡಿತರೇ ಒಪ್ಪಿಕೊಂಡರು. ಅದರಿಂದ ಮಾಡಿದ ಎಣ್ಣೆಯ ಮೊದಲ ಬಾಟಲಿ ಲೋಲಾಕ್ಷಿಗೇ ಹೋಗಿತ್ತು. ಎಲ್ಲರ ಮೈಯನ್ನೂ ಸುಡುವ ಅದು ಅವಳ ಕೈಯನ್ನು ಮಾತ್ರ ಸುಡುವುದಿಲ್ಲ. ಕಾರ್ಖಾನೆ ಅವಳ ಚರ್ಮಕ್ಕೆ ಅದನ್ನು ಎಂದೋ ರೂಢಿ ಮಾಡಿಸಿಬಿಟ್ಟಿತ್ತು.

ಪಂಡಿತರು ಅವಳನ್ನು ಮೂಲೆಗೆ ಕರೆದರು. “ಈಗ ಬಾಯಿ ಬಿಟ್ಟರೆ ಅಂಗಡಿಯೂ ಇಲ್ಲ, ನಿನ್ನ ಕೈಗೆ ಮರ್ಯಾದೆಯೂ ಇಲ್ಲ. ಆದದ್ದು ಆಯಿತಲ್ಲ ಮಾರಾಯ್ತಿ,” ಎಂದರು.

ಕಿನ್ನಿ ಉಳಿದಿದ್ದ ನೇರಳೆ ಬಾಟಲಿಗಳನ್ನು ಅವರ ಕಾಲ ಬುಡದಲ್ಲೇ ಒಡೆದು, ಹೊರಗೆ ಬಂದು, ಬೀದಿಯವರೆಲ್ಲ ಕೇಳುವಂತೆ ಕೂಸಪ್ಪನ ಮುಖ ನೋಡಿ ಹೇಳಿದಳು. ಎಣ್ಣೆ ವಿಷ, ತನ್ನ ಕೈ ಸತ್ತ ಕೈ, ಲೋಲಾಕ್ಷಿ ಹೇಳಿದ್ದೇ ನಿಜ. ಕೂಸಪ್ಪ ಮೊದಲು ನಕ್ಕ. ತನ್ನ ಬೆರಳುಗಳನ್ನು ನೋಡಿಕೊಂಡ. ಹೊಡೆದದ್ದು ಸುಮ್ಮನೆ ಎಂದು ಒಪ್ಪಿಕೊಳ್ಳುವುದಕ್ಕಿಂತ ಇನ್ನೊಬ್ಬಳಿಗೆ ಹೊಡೆಯುವುದು ಅವನಿಗೆ ಸುಲಭವಾಯಿತು. ಬಾರುಕೋಲು ಕಿನ್ನಿಯ ಕಿವಿಯನ್ನು ಹರಿಯಿತು. ಎರಡನೇ ಏಟಿಗೆ ಅವನು ಕೈಯೆತ್ತಿದಾಗ ಒನಕೆ ಅವನ ಮಣಿಕಟ್ಟಿಗೆ ಬಿತ್ತು, ಎಲುಬು ಮುರಿದ ಸದ್ದು ಬೀದಿಯ ಆಚೆಗೂ ಕೇಳಿತು.

ಅವನನ್ನು ಅಲ್ಲೇ ಬಿಟ್ಟು ಅವಳು ಅವನ ಮನೆಗೆ ನಡೆದಳು. ಮಗುವನ್ನು ಅವುಚಿಕೊಂಡು ಬಾಗಿಲಿಗೆ ಅಡ್ಡ ನಿಂತ ಅಮ್ಮುವಿನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ಬಾಳೆಯ ಸುಳಿಯೆಲೆಯಲ್ಲಿ ಮಗುವನ್ನು ಸುತ್ತಿ, ಕಿವಿಯ ರಕ್ತ ಅದರ ಮೇಲೆ ಬೀಳದಂತೆ ತಲೆ ಓರೆಮಾಡಿಕೊಂಡು, ಉರಿಬಿಸಿಲಲ್ಲಿ ಅನಂತಪುರದ ದಾರಿ ಹಿಡಿದಳು. ದಾರಿಯುದ್ದಕ್ಕೂ ಮಗು ಅಳಲಿಲ್ಲ. ಅದು ಅಳದಿರುವುದೇ ಅವಳಿಗೆ ಹೆದರಿಕೆಯಾಗಿತ್ತು.

ಲೋಲಾಕ್ಷಿ ಚಾಪೆಯ ಮೇಲೆ ಗೋಡೆಗೊರಗಿ ಕುಳಿತಿದ್ದಳು. ಒಂದು ಕಣ್ಣು ಊದಿ ಮುಚ್ಚಿಹೋಗಿತ್ತು. ಕಿನ್ನಿಯನ್ನು ಕಂಡ ಕೂಡಲೇ ಕೈ ಅಡ್ಡ ಹಿಡಿದಳು. ಮಗುವನ್ನು ನೋಡಿ ಆ ಕೈಯನ್ನು ಚಾಚಿದಳು. ಮೊಲೆ ಬಾಯಿಗೆ ಸಿಕ್ಕಿದ ಮೇಲೂ ಮಗು ಸ್ವಲ್ಪ ಹೊತ್ತು ಸುಮ್ಮನಿತ್ತು, ಆಮೇಲೆ ಚೀಪತೊಡಗಿತು. ಹಾಲು ಗಂಟಲಿಗಿಳಿಯುವ ಸದ್ದು ಕೇಳಿದ ಮೇಲೆಯೇ ಕಿನ್ನಿ ಬಾಯಿ ತೆರೆದಳು. ಡಬ್ಬದ ತಳದಿಂದ ಹಿಡಿದು ತನ್ನ ಕೈಯವರೆಗೆ ಎಲ್ಲವನ್ನೂ ಹೇಳಿದಳು. ತಪ್ಪಾಯಿತು ಎಂದೂ ಹೇಳಿದಳು. ಅವಳ ಜನ್ಮದಲ್ಲಿ ಆ ಮಾತು ಅದೇ ಮೊದಲು.

ಲೋಲಾಕ್ಷಿ ಮಗುವಿನ ತಲೆಯಿಂದ ಕಣ್ಣು ತೆಗೆಯಲಿಲ್ಲ. ಮುರಿದ ಹಲ್ಲಿನ ಸಂದಿನಿಂದ ಮಾತು ನಿಧಾನವಾಗಿ ಬಂತು.

“ಎಣ್ಣೆಯಿಂದ ಅಂತ ನಾನು ಅವತ್ತೇ ಹೇಳಿದ್ದೆ, ಕಿನ್ನಿಯಕ್ಕ. ನನ್ನ ಕೈಯಲ್ಲೂ ಬೊಕ್ಕೆ ಇತ್ತು. ನಿಮ್ಮ ಕೈಯನ್ನು ಮೂರು ದಿನ ಕಾದು ನೋಡಿದರು. ನನ್ನ ಕೈಯನ್ನು ಒಬ್ಬರೂ ಹಿಡಿದು ನೋಡಲಿಲ್ಲ.”

ಕಿನ್ನಿ ಅವಳ ಕಾಲ ಬುಡದಲ್ಲಿ ಕುಳಿತು, “ತೋರಿಸು,” ಎಂದಳು.

ಲೋಲಾಕ್ಷಿ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು.