ಎದುರುಮನೆ ಅಕ್ಕನ ಪಾಸ್‌ವರ್ಡು

ಗುಟ್ಟು ಕಾಪಾಡುವುದು ನಾಗರಿಕತೆಯ ಬುನಾದಿ. ನಮ್ಮ ಎದುರುಮನೆ ಅಕ್ಕನ ಕೀಬೋರ್ಡಿನಲ್ಲಿ ಮಾತ್ರ ಕೆಲವೇ ಕೆಲವು ಕೀಗಳು ಕುಂಕುಮ ಹತ್ತಿ ಕೆಂಪಾಗಿರುತ್ತಿದ್ದವು. ಬೆಳಗಿನ ಪೂಜೆ ಮುಗಿಸಿದವರೇ ಅದೇ ಕೈಯಲ್ಲಿ ಬಂದು ಪಾಸ್‌ವರ್ಡು ಒತ್ತುತ್ತಿದ್ದರು. ಮಿಕ್ಕ ವ್ಯವಹಾರವೆಲ್ಲ ಮೌಸಿನಲ್ಲಿ.

ಬಸವೇಶ್ವರನಗರದ ಆ ಮನೆಯ ಮುಂದಿನ ಕೋಣೆಯಲ್ಲಿ ಅವರದೊಂದು ವಧೂವರರ ಕೇಂದ್ರ. ಈ-ಮೇಲ್ ನಮಗೆಲ್ಲ ಹೊಸದಾಗಿದ್ದ ಕಾಲ. ಹೆಣ್ಣುಮಕ್ಕಳ ಫೋಟೊ, ಜಾತಕ ಎಲ್ಲ ಸ್ಕ್ಯಾನ್ ಮಾಡಿಸಿ ತಮ್ಮ ಮೇಲ್‌ನಲ್ಲಿಟ್ಟಿದ್ದರು. ಗಂಡಿನ ಕಡೆಯವರು ಕೇಳಿದರೆ ಪಾಸ್‌ವರ್ಡನ್ನೇ ಹೇಳಿಬಿಡುತ್ತಿದ್ದರು: "ನೀವೇ ತೆಗೆದು ನೋಡ್ಕೊಳ್ಳಿ. ನಮ್ಮನೆ ದೇವರ ಹೆಸರೇ." ನಾನೊಮ್ಮೆ ಆಕ್ಷೇಪಿಸಿದ್ದಕ್ಕೆ, "ಸಂಬಂಧ ಬೆಳೆಸೋಕೆ ಬಂದೋರ ಮುಖಕ್ಕೆ ಬಾಗಿಲು ಹಾಕಕ್ಕಾಗುತ್ತೇನಪ್ಪಾ?" ಎಂದಿದ್ದರು.

ಒಂದು ಬೆಳಿಗ್ಗೆ ದೇವರ ಹೆಸರು ಕೆಲಸ ಮಾಡಲಿಲ್ಲ. ಅಕ್ಕ ನನ್ನನ್ನು ಕೂಗಿದರು. ಪಾಸ್‌ವರ್ಡು ಮರೆತವರಿಗೆ ಕೇಳುವ ಗುಟ್ಟಿನ ಪ್ರಶ್ನೆಗೆ ಅವರಿಂದಲೇ ಉತ್ತರ ಕೇಳಿ ಹೇಗೋ ಒಳಹೊಕ್ಕೆ. ನೋಡಿದರೆ, ಯಾರೋ ಪಾಸ್‌ವರ್ಡು ಬದಲಿಸಿ, ಅಷ್ಟೂ ಹುಡುಗಿಯರ ಫೋಟೊಗಳನ್ನು ಗುರುತಿಲ್ಲದ ವಿಳಾಸವೊಂದಕ್ಕೆ ಕಳಿಸಿಕೊಂಡಿದ್ದರು. ಹೊಸ ಪಾಸ್‌ವರ್ಡು ಹಾಕಿ, ಫೈಲುಗಳನ್ನೆಲ್ಲ ಸಿ.ಡಿ.ಗೆ ಇಳಿಸಿ, ಮೇಲ್‌ನಿಂದ ಅಳಿಸಿದೆ. ಅಕ್ಕ ಆ ಸಿ.ಡಿ.ಯನ್ನು ರೇಷ್ಮೆ ಸೀರೆಗಳ ನಡುವೆ ಇಟ್ಟು ಬೀರುವಿಗೆ ಬೀಗ ಹಾಕಿದರು. ಹೀಗೆ, ಹೋಗುವುದೆಲ್ಲ ಹೋದ ಮೇಲೆ ಭದ್ರತೆ ಬಿಗಿಯಾಯಿತು.

"ಸುಮ್ನಿದ್ಬಿಡಿ ಅಕ್ಕಾ. ಯಾರಿಗೂ ಗೊತ್ತಾಗಲ್ಲ," ಎಂದೆ.

"ಕದ್ದೋನಿಗೆ ಗೊತ್ತು, ನಂಗೊತ್ತು, ನಿಂಗೊತ್ತು. ಆ ಹುಡುಗೀರಿಗೆ ಮಾತ್ರ ಗೊತ್ತಾಗ್ಬಾರ್ದಾ?"

ಮರುದಿನ ನನ್ನ ಸ್ಕೂಟರಿನ ಹಿಂದೆ ಕೂತು ಮನೆಮನೆಗೆ ಹೊರಟರು. ಫೋನಿನಲ್ಲಿ ಹೇಳುವ ಮಾತಲ್ಲವಂತೆ. ಒಳ್ಳೆಯ ಸೀರೆ, ಕೈಯಲ್ಲಿ ಹೂವು ಹಣ್ಣು. ಹೆಣ್ಣುಮಕ್ಕಳಿರುವ ಮನೆಗೆ ಬರಿಗೈಯಲ್ಲಿ ಹೋಗುವುದು ಅವರ ಜಾಯಮಾನದಲ್ಲಿರಲಿಲ್ಲ. ಅದೇ ಅನರ್ಥವಾಯಿತು. ಕೆಂಗೇರಿ ಉಪನಗರದ ಮನೆಯಲ್ಲಂತೂ ಹೂವು ಕಂಡದ್ದೇ ತಾಯಿ, "ರೀ, ಬನ್ರೀ ಈಚೆ! ಗಂಡಿನ ಕಡೇವ್ರು ಒಪ್ಕೊಂಡ್ರು ಅನ್ಸುತ್ತೆ!" ಎಂದು ಗಂಡನನ್ನು ಕೂಗಿದರು. ಅಕ್ಕ ಬಾಯಿ ತೆರೆಯುವ ಮೊದಲೇ ಕೇಸರಿಬಾತು ಬಂತು.

ಅಕ್ಕ ತಟ್ಟೆ ಮುಟ್ಟದೆ ಎದ್ದು ನಿಂತು, ನಡೆದದ್ದನ್ನು ನಡೆದ ಹಾಗೆ ಹೇಳಿದರು. "ಕಳ್ಳ ಯಾರೋ ಗೊತ್ತಿಲ್ಲ. ಬೀಗದಕೈ ಹಂಚಿದೋಳು ಮಾತ್ರ ನಾನೇ."

"ನಿಮ್ಮನ್ನ ನಂಬಿ ಕೊಟ್ವಲ್ಲಮ್ಮಾ," ಎಂದರು ತಂದೆ.

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಹುಡುಗಿ ದುಪ್ಪಟ್ಟಾ ಮೈತುಂಬ ಎಳೆದುಕೊಂಡು ಒಳಗೆ ಹೋದಳು. ಸುಮ್ಮನಿದ್ದುಬಿಡಿ ಎಂದು ಸಲಹೆ ಕೊಟ್ಟ ಮಹಾಶಯನಾದ ನಾನು ತಲೆ ಎತ್ತಲಾಗದೆ ನೆಲ ನೋಡಿದೆ. ಅಲ್ಲಿಯವರೆಗೂ ನನ್ನ ಪಾಲಿಗೆ ಆ ಫೋಟೊಗಳು ಬರೀ ಫೈಲುಗಳಾಗಿದ್ದವು.

ವಾಪಸು ಬರುವಾಗ ವಿಜಯನಗರ ದಾಟುತ್ತಿದ್ದಂತೆ ಅಕ್ಕ, "ನಾಳೆ ಬೇಗ ಹೊರಡೋಣ, ಮಹಾಲಕ್ಷ್ಮಿ ಲೇಔಟ್ ಕಡೇವ್ರು ಬಾಕಿ," ಎಂದರು.

ಅವರು ಒಂದು ಮನೆಯನ್ನೂ ಬಿಡಲಿಲ್ಲ. ಆ ಫೋಟೊಗಳು ಎಲ್ಲಿ ಹೋದವೆಂದು ಇವತ್ತಿಗೂ ಗೊತ್ತಾಗಿಲ್ಲ. ವಧೂವರರ ಕೇಂದ್ರ ಮುಂದಿನ ಯುಗಾದಿಗೆ ಮೊದಲೇ ಮುಚ್ಚಿತು.