ನಾನೇ ಆರಿಸಿ ತಂದ ಡ್ರಮ್ಸ್

ನಮ್ಮ ಆರ್ಕೆಸ್ಟ್ರಾದ ಮಾಲೀಕರು ಅದರ ಮುಖ್ಯ ಗಾಯಕರೂ ಹೌದು. ಶ್ರುತಿಗೂ ಅವರಿಗೂ ಎಣ್ಣೆ ಸೀಗೆಕಾಯಿ. ಆದರೆ ಮೈಕು ಅವರದು, ಸ್ಪೀಕರುಗಳು ಅವರವು, ಆದ್ದರಿಂದ ಹಾಡೂ ಅವರದೇ. ಹಗಲೆಲ್ಲ ಪೀಣ್ಯದ ಕಾರ್ಖಾನೆಯೊಂದರಲ್ಲಿ ಪ್ರೆಸ್ ಮಷೀನಿನ ಮುಂದೆ ನಿಲ್ಲುವ ನಾನು, ಗಣೇಶನ ಹಬ್ಬದಿಂದ ರಾಜ್ಯೋತ್ಸವ ಮುಗಿಯುವವರೆಗೆ ಸಂಜೆ ಹೊತ್ತು ಅವರ ಬೆನ್ನ ಹಿಂದೆ ಕೂತು ಡ್ರಮ್ಸ್ ಬಾರಿಸುತ್ತಿದ್ದೆ. ಕಾರ್ಖಾನೆಯಲ್ಲಿ ನಾನು ಯಾರೂ ಅಲ್ಲ. ಆ ಸ್ಟೂಲಿನ ಮೇಲೆ ಕೂತಾಗ ಮಾತ್ರ ನಾನೂ ಒಬ್ಬ ಮನುಷ್ಯ ಅನ್ನಿಸುತ್ತಿತ್ತು.

ಒಂದು ದಿನ ಮಾಲೀಕರು ಕರೆದು ಹೇಳಿದರು: "ಹಳೇ ಡ್ರಮ್ಸ್ ಸಾಗ್ಸೋಕೆ ಟೆಂಪೋನೇ ಬೇಕು ಕಣೋ. ಚೌಟ್ರಿಯವರು ಬೇರೆ ಸೌಂಡ್ ಜಾಸ್ತಿ ಅಂತ ಬಾಯ್ ಬಡ್ಕೋತಾರೆ. ಎಲೆಕ್ಟ್ರಾನಿಕ್ ಸೆಟ್ ತಗೊಂಬಿಡೋಣ. ಕಮ್ಮಿಗೆ ಒಳ್ಳೇದು ಹುಡುಕು. ನೀನೇ ತಾನೆ ಅದರ ಮುಂದೆ ಕೂರೋನು?"

ನಾನೇ ತಾನೆ ಕೂರುವವನು! ಹೆಣ್ಣು ನೋಡಲು ಹೊರಟವನ ಹಾಗೆ ಹುಡುಕಾಟಕ್ಕೆ ಇಳಿದೆ. ಮೊದಲು ಹೋದ ಅಂಗಡಿಯಲ್ಲಿ ಸೇಲ್ಸ್‌ಮನ್ ನನ್ನ ಉಗುರಿನಲ್ಲಿದ್ದ ಮಷೀನ್ ಎಣ್ಣೆ ನೋಡಿ, "ಡಿಸ್‌ಪ್ಲೇ ಪೀಸ್ ಸಾರ್, ಮುಟ್ಬೇಡಿ" ಅಂದ. ಡ್ರಮ್ಸನ್ನು ಮುಟ್ಟದೆ ಕೊಳ್ಳುವುದು ಹೇಗೆ ಎಂದು ಕೇಳಿದ್ದಕ್ಕೆ ಫೋಟೋ ಇರುವ ಕಾಗದ ಕೊಟ್ಟ. ಇನ್ನೊಂದು ಕಡೆ ಬಾರಿಸಲು ಬಿಟ್ಟರು. ಅಗ್ಗದ ಸೆಟ್ಟುಗಳ ಬಣ್ಣ ಅಲ್ಲೇ ಬಯಲಾಯಿತು. ಸವರಿದರೂ ಗುದ್ದಿದರೂ ಒಂದೇ ಸದ್ದು. ಕೈ ಓಡಿಸಿ ಬಾರಿಸಿದರೆ ನಡುವಿನ ಪೆಟ್ಟುಗಳನ್ನು ನುಂಗಿಹಾಕುತ್ತಿದ್ದವು. ಅಂಥದ್ದರ ಮುಂದೆ ಕೂರುವುದಕ್ಕಿಂತ ಮನೆಯ ಪಾತ್ರೆ ಬಡಿಯುವುದು ಮೇಲು.

ಕೊನೆಗೆ ಸಿಕ್ಕಿದ್ದು ವೈಟ್‌ಫೀಲ್ಡಿನ ಅಪಾರ್ಟ್‌ಮೆಂಟ್ ಒಂದರಲ್ಲಿ, ಸೆಕೆಂಡ್ ಹ್ಯಾಂಡ್. ಮಾರುವವನು ಸಾಫ್ಟ್‌ವೇರಿನವನು. ಆಫೀಸಿನ ಟೆನ್ಷನ್ ಕಳೆಯಲು ಕೊಂಡನಂತೆ. ನಾನು ಹೋದಾಗ ಅದರ ಮೇಲೆ ಟವೆಲ್ಲು, ಕಾಲುಚೀಲ ಒಣಗುತ್ತಿದ್ದವು. ಕಡಲೆ ಇದ್ದವನಿಗೆ ಹಲ್ಲಿಲ್ಲ. ಹೊಟ್ಟೆ ಉರಿದುಹೋಯಿತು. ಟವೆಲ್ಲು ತೆಗೆಸಿ ಕೂತೆ. ರಬ್ಬರಿನ ಬದಲು ಬಲೆಯಂಥ ಹೊದಿಕೆ, ಕೈಗೆ ನಿಜವಾದ ಚರ್ಮದಷ್ಟೇ ಪುಟಿತ. ಬೆರಳಲ್ಲಿ ತಟ್ಟಿದರೆ ಪಿಸುಮಾತು, ಬೀಸಿ ಹೊಡೆದರೆ ಗುಡುಗು. "ಲೈವ್‌ಗೂ ಓಕೆ, ಸ್ಟುಡಿಯೋಗೂ ಓಕೆ" ಎಂದು ಅವನು ಒಂದು ಗುಂಡಿ ಒತ್ತಿದ. ನಾನು ಆಗಷ್ಟೇ ಬಾರಿಸಿದ್ದೆಲ್ಲ ಒಂದು ಪೆಟ್ಟೂ ಬಿಡದಂತೆ ಮತ್ತೆ ಕೇಳಿಸಿತು. ಕೋಲುಗಳು ನನ್ನ ತೊಡೆಯ ಮೇಲೇ ಇದ್ದವು. ನನ್ನ ಕೈಯ ಬಾರಿಸುವಿಕೆಯನ್ನು ಬೇರೆಯವರ ಹಾಗೆ ಕೂತು ಕೇಳಿದ್ದು ಅದೇ ಮೊದಲು. ಇಷ್ಟು ಚೆನ್ನಾಗಿ ಬಾರಿಸುತ್ತೇನೆಂದು ನನಗೇ ಗೊತ್ತಿರಲಿಲ್ಲ.

ಅಲ್ಲಿಂದಲೇ ಮಾಲೀಕರಿಗೆ ಫೋನ್ ಮಾಡಿದೆ. "ಅಣ್ಣ, ಇದ್ರಲ್ಲಿ ರೆಕಾರ್ಡೂ ಆಗುತ್ತೆ!"

ಅವರು ಕೇಳಿದರು: "ಅಂದ್ರೆ, ಆಮೇಲೆ ನೀನಿಲ್ದೇನೂ ನುಡಿಯುತ್ತಾ?"

"ಸಕ್ಕತ್ತಾಗಿ ನುಡಿಯುತ್ತೆ ಅಣ್ಣ!" ಅಂದೆ. ನನ್ನಂಥ ಇನ್ನೊಬ್ಬ ದಡ್ಡನನ್ನು ನಾನಿರುವ ಲಗ್ಗೆರೆ ಕಂಡಿರಲಾರದು.

ಸೆಟ್ಟನ್ನು ನನ್ನ ಬಾಡಿಗೆ ಮನೆಗೇ ತರಿಸಿದರು. ಹೊಸ ಗಾಡಿಗೆ ಮಾಡುವ ಹಾಗೆ ಕುಂಕುಮ ಇಟ್ಟು, ಕಾಲಿನ ಪೆಡಲ್ ಕೆಳಗೆ ನಿಂಬೆಹಣ್ಣು ಇಟ್ಟು ತುಳಿದೆ. ರಸ ನನ್ನ ಪ್ಯಾಂಟಿಗೇ ಚಿಮ್ಮಿತು. ದೃಷ್ಟಿ ಹೋಯಿತು ಅಂದುಕೊಂಡೆ. ಮಾಲೀಕರು ಹೇಳಿದರು: "ಒಂದು ಸ್ಟುಡಿಯೋದವರಿಗೆ ನಿನ್ನ ಕೈ ಕೇಳಿಸ್ಬೇಕು. ನಮ್ಮ ಅಷ್ಟೂ ಹಾಡು ಹೊಡೆದು ರೆಕಾರ್ಡ್ ಮಾಡ್ಕೊಡು." ಸ್ಟುಡಿಯೋ! ಪ್ರೆಸ್ ಮಷೀನಿಗೆ ನಮಸ್ಕಾರ ಹೊಡೆದು ಹೊರಬರುವ ಕನಸಿನಲ್ಲಿ ಭಾನುವಾರಗಳನ್ನೆಲ್ಲ ಅದಕ್ಕೇ ಸುರಿದೆ. ಕಿವಿಗೆ ಹೆಡ್‌ಫೋನ್ ಇದ್ದರೂ ಪೆಡಲಿನ ಗುದ್ದು ನೆಲದ ಮೂಲಕ ಕೆಳಗಿನ ಮನೆಗೆ ಇಳಿಯುತ್ತಿತ್ತು. ಕಾರ್ಖಾನೆಯಿಂದ ಹಳೆಯ ರಬ್ಬರ್ ಕೇಳಿ ತಂದು ಹಾಸಿದರೂ ಪೂರ್ತಿ ನಿಲ್ಲಲಿಲ್ಲ. ಕೆಳಗಿದ್ದ ಓನರ್ ಆಂಟಿ ಒಮ್ಮೆ ಮಧ್ಯಾಹ್ನ, "ಏನ್ರೀ, ಮೇಲೆ ಖಾರ ಕುಟ್ತಿದೀರಾ?" ಎಂದು ಕೂಗಿ ಪೊರಕೆಯ ಹಿಡಿಯಿಂದ ಛಾವಣಿಗೆ ತಿವಿದರು. ಬೆಚ್ಚಿಬಿದ್ದ ನನ್ನ ಎಡಗೈ ಸುಮ್ಮನಿರಬೇಕಾದ ಜಾಗದಲ್ಲಿ ಒಂದು ಪೆಟ್ಟು ಕೊಟ್ಟುಬಿಟ್ಟಿತು. ಮೆಲ್ಲಗಿನ ಹಾಡು, ಎರಡನೇ ಚರಣಕ್ಕೆ ಮುಂಚಿನ ಮೌನದಲ್ಲಿ, ಢಬ್. ಅದನ್ನು ಮತ್ತೆ ಬಾರಿಸಿ ಕೊಡುತ್ತೇನೆ ಅಂದರೆ ಮಾಲೀಕರು, "ಇರ್ಲಿ ಬಿಡೋ, ಯಾರಿಗೆ ಗೊತ್ತಾಗುತ್ತೆ" ಎಂದು ಆಟೋ ಕಳಿಸಿ ಸೆಟ್ಟನ್ನೂ ರೆಕಾರ್ಡ್ ತುಂಬಿದ ಪೆನ್‌ಡ್ರೈವನ್ನೂ ತರಿಸಿಕೊಂಡರು.

ಆಮೇಲೆ ಫೋನ್ ಬರಲಿಲ್ಲ. ಗಣೇಶನ ಹಬ್ಬ ಬಂತು. ನಾನೇ ಫೋನ್ ಮಾಡಿದರೆ, "ಈ ಸಲ ಪ್ರೋಗ್ರಾಮೇ ಇಲ್ಲ ಕಣೋ, ಕಾಲ ಕೆಟ್ಟೋಗಿದೆ" ಅಂದರು. ನಾನೂ ಅವರೊಂದಿಗೆ ಕಾಲವನ್ನು ಬೈದೆ.

ಕಾರ್ಖಾನೆಯಲ್ಲಿ ನನ್ನ ಪಕ್ಕದ ಮಷೀನಿನವನು ವರ್ತೂರಿನ ಹಳೆಯ ಮನೆತನದವನು. ಅವನು ಒಂದು ಶನಿವಾರ, "ಸಂಜೆ ನಮ್ಮೂರ ಗಣೇಶನ ಮುಂದೆ ನಿಮ್ಮದೇ ಆರ್ಕೆಸ್ಟ್ರಾ ಅಂತಲ್ಲ ಗುರು, ನೀನ್ಯಾಕೆ ಇನ್ನೂ ಇಲ್ಲೇ ಇದೀಯಾ?" ಎಂದು ಕೇಳಿದ. ಶಿಫ್ಟ್ ಮುಗಿದದ್ದೇ ಅವನ ಬೈಕಿನಲ್ಲೇ ಹೋದೆ.

ವೇದಿಕೆಯ ಮೇಲೆ ನಾನು ಆರಿಸಿದ ಸೆಟ್ಟು. ಅದರ ಮುಂದೆ ಮಾಲೀಕರ ಭಾಮೈದ. ಜಿಮ್ಮಿನಲ್ಲಿ ಉಬ್ಬಿಸಿದ ತೋಳು, ಜೆಲ್ ಹಚ್ಚಿದ ಕೂದಲು, ಮುಸ್ಸಂಜೆಯಲ್ಲೂ ಕೂಲಿಂಗ್ ಗ್ಲಾಸು. ತಾಳ ಅನ್ನುವುದು ಪೂಜೆಯಲ್ಲಿ ಮಾತ್ರ ಇರುತ್ತದೆಂದು ನಂಬಿದ ಗಿರಾಕಿ. ಅವನು ಕೋಲು ಬೀಸಿದಂತೆಲ್ಲ ಸ್ಪೀಕರಿನಿಂದ ಅದ್ಭುತವಾದ ಬಾರಿಸುವಿಕೆ ಬರುತ್ತಿತ್ತು. ಕೋಲು ಅರ್ಧ ಕ್ಷಣ ತಡವಾಗಿ ಬೀಳುತ್ತಿತ್ತು, ಅಷ್ಟೇ. ಎಲ್ಲೋ ಕೇಳಿದ ಕೈ ಅನ್ನಿಸಿತು. ಆದರೂ ನಂಬಲಿಲ್ಲ. ಮೆಲ್ಲಗಿನ ಆ ಹಾಡು ಬಂತು. ಎರಡನೇ ಚರಣಕ್ಕೆ ಮುಂಚಿನ ಮೌನದಲ್ಲಿ ಭಾಮೈದ ಕೂದಲು ಸರಿಮಾಡಿಕೊಳ್ಳುತ್ತಿದ್ದ. ಢಬ್.

ಓನರ್ ಆಂಟಿಯ ಪೊರಕೆಗೆ ಬೆಚ್ಚಿದ ನನ್ನ ಎಡಗೈ.

ಪಕ್ಕದಲ್ಲಿದ್ದ ನನ್ನ ಸಹೋದ್ಯೋಗಿ ನನ್ನ ಭುಜ ತಟ್ಟಿದ. "ಬೇಜಾರ್ ಮಾಡ್ಕೋಬೇಡ ಮಗಾ, ನಿಜ ಹೇಳ್ಬೇಕಂದ್ರೆ ಇವನು ನಿನಗಿಂತ ಚೆನ್ನಾಗಿ ಬಾರಿಸ್ತಾನೆ." ಅವನನ್ನು ಅಲ್ಲೇ ಹೂತುಬಿಡುವಷ್ಟು ಸಿಟ್ಟು ಬಂತು. ಅವನದೇನು ತಪ್ಪು, ಕೇಳಿದ್ದನ್ನು ಹೇಳಿದ. ಜನ ಶಿಳ್ಳೆ ಹೊಡೆದರು. ಮಾಲೀಕರು ಮೈಕಿನಲ್ಲಿ ಭಾಮೈದನ ಹೆಸರು ಕೂಗಿ ಚಪ್ಪಾಳೆ ಕೊಡಿಸಿದರು.

ಕಾರ್ಯಕ್ರಮ ಮುಗಿದ ಮೇಲೆ ಉಗಿದು ಬರೋಣವೆಂದೇ ವೇದಿಕೆ ಹತ್ತಿದೆ. ನನ್ನನ್ನು ನೋಡಿ ಮಾಲೀಕರ ಮುಖ ಒಂದಿಷ್ಟೂ ಬಾಡಲಿಲ್ಲ.

"ಬಾ ಬಾ, ಒಳ್ಳೇ ಟೈಮಿಗೆ ಬಂದೆ. ಆ ಮೆಲ್ಲಗಿನ ಹಾಡಲ್ಲಿ ಮಧ್ಯೆ ಒಂದು ಪೆಟ್ಟು ಬರುತ್ತಲ್ಲ, ಅದು ಇವನಿಗೆ ಸಿಗ್ತಾನೇ ಇಲ್ಲ ಕಣೋ. ಜನ ನೋಡಿದ್ರೆ ಏನಂದ್ಕೋತಾರೆ? ಒಂಚೂರು ಹೇಳ್ಕೊಡು. ಮುಂದಿನ ಸೀಸನ್‌ಗೆ ನಿನಗೂ ಏನಾದ್ರೂ ನೋಡೋಣ."

ಆ ಕೊನೆಯ ಮಾತು ಸುಳ್ಳೆಂದು ನನಗೆ ಗೊತ್ತಿತ್ತು. ಭಾಮೈದ ಸ್ಟೂಲಿನಿಂದ ಎದ್ದು, ಕೂಲಿಂಗ್ ಗ್ಲಾಸು ಹಣೆಗೇರಿಸಿ, ಕೋಲುಗಳನ್ನು ನನ್ನ ಕೈಗಿತ್ತ. ಉಗಿಯಲು ಬಂದವನು ಕೂತೆ. ಎಡಗೈ ಎತ್ತಿ ಹೊಡೆದೆ. ಸ್ಪೀಕರಿನಿಂದ ಏನೂ ಬರಲಿಲ್ಲ. ಬಗ್ಗಿ ನೋಡಿದರೆ ಸೆಟ್ಟಿನಿಂದ ಹೊರಟ ವೈರುಗಳು ಯಾವುದಕ್ಕೂ ಸೇರದೆ ಸ್ಟೂಲಿನ ಕಾಲಿಗೆ ಸುತ್ತಿಕೊಂಡಿದ್ದವು. ಎತ್ತಿಕೊಂಡು ಚುಚ್ಚಲು ಹೋದೆ.

"ಅಯ್ಯೋ, ಸೌಂಡ್ ಬೇಡ ಕಣೋ" ಅಂದರು ಮಾಲೀಕರು. "ಕೈ ಹೆಂಗೆ ಎತ್ಬೇಕು ಅಂತ ತೋರ್ಸು, ಸಾಕು."

ವೈರು ಕೆಳಗಿಟ್ಟು, ಕೈ ಹೇಗೆ ಎತ್ತಬೇಕೆಂದು ತೋರಿಸಿದೆ.