ಹತ್ತು ಕಿಲೋಮೀಟರಿನ ಬಾಣಂತನ

ನಮ್ಮ ಬೀರುವಿನಲ್ಲಿ ಒಂದು ಹಸಿರು ಟೀ ಶರ್ಟ್ ಇದೆ. ಎದೆಯ ಮೇಲೆ ಓಡುವ ಹೆಂಗಸಿನ ಚಿತ್ರ, ಬೆನ್ನ ಮೇಲೆ ಯಾರ್ಯಾರೋ ಅಂಗಡಿಯವರ ಹೆಸರು. ಎಷ್ಟು ಸಲ ಒಗೆದರೂ ಅದರ ಹರಳೆಣ್ಣೆ ವಾಸನೆ ಹೋಗಿಲ್ಲ. ಈವತ್ತು ಬೆಳಿಗ್ಗೆ ಬೇರೇನೋ ಹುಡುಕಲು ಬೀರು ತೆಗೆದವಳು, ಆ ವಾಸನೆ ಮೂಗಿಗೆ ಬಡಿದದ್ದೇ ನೆಲಕ್ಕೆ ಕೂತು ಒಬ್ಬಳೇ ನಗತೊಡಗಿದೆ. ಗಂಡ ಬಂದು ಇಣುಕಿ ನೋಡಿ, ಏನೂ ಕೇಳದೆ ಹೋದರು. ನಿಮಗಾದರೂ ಹೇಳುತ್ತೇನೆ, ಕೇಳಿ.

ತಾಂಡ್ಯದ ಒಂದು ಕಾರ್ಖಾನೆಯ ಲ್ಯಾಬಿನಲ್ಲಿ ನನಗೆ ಕೆಲಸ, ಮನೆ ನಂಜನಗೂಡಿನಲ್ಲಿ. ಎರಡು ವರ್ಷದ ಹಿಂದೆ, ನನಗೆ ನಲವತ್ತೆರಡು ತುಂಬಿದ ತಿಂಗಳು, ಊರಲ್ಲಿ ಹತ್ತು ಕಿಲೋಮೀಟರ್ ಓಟ ಇಟ್ಟುಕೊಂಡರು. ಅಲ್ಲಿಯವರೆಗೆ ನಾನು ಓಡಿದ್ದು ಬಸ್ಸಿನ ಹಿಂದೆ ಮಾತ್ರ, ಅದರಲ್ಲೂ ಮುಕ್ಕಾಲು ಪಾಲು ಬಸ್ಸೇ ಗೆದ್ದಿತ್ತು. “ಮುಗಿಸಿದೋರಿಗೆಲ್ಲ ಮೆಡಲ್ ಕೊಡ್ತಾರಂತೆ ಮೇಡಂ” ಎಂದು ಲ್ಯಾಬಿನ ಹುಡುಗಿಯೊಬ್ಬಳು ಅಂದದ್ದೇ ಸಾಕಾಯಿತು. ಇಡೀ ಶಾಲೆ ಮುಗಿಸಿದರೂ ನನಗೊಂದು ಸ್ಟೀಲ್ ಲೋಟ ಕೂಡ ಬಹುಮಾನ ಬಂದಿರಲಿಲ್ಲ. ಹೆಸರು ಬರೆಸಿದೆ. ತಯಾರಿ ಅಂತ ಒಂದು ವಾರ ಹೊಸ ಶೂ ಹಾಕಿಕೊಂಡು ತರಕಾರಿ ತರಲು ಹೋದೆ.

ಓಟದ ಬಗ್ಗೆ ಹೆಚ್ಚು ಕೇಳಬೇಡಿ. ಮೊದಲ ಕಿಲೋಮೀಟರು ಕಾಲೇಜು ಹುಡುಗರ ಸಮಕ್ಕೆ ಹಾರಿದೆ. ಐದನೆಯದರಲ್ಲಿ ನಮ್ಮ ಮನೆದೇವರ ಹೆಸರು ಸಾಲದೆ ಪಕ್ಕದ ಮನೆಯವರ ದೇವರನ್ನೂ ಕರೆದೆ. ಒಂಬತ್ತನೆಯದರಲ್ಲಿ, ಕೋಲೂರಿಕೊಂಡು ವಾಕಿಂಗ್ ಹೊರಟಿದ್ದ ಅಜ್ಜನೊಬ್ಬರು ನನ್ನನ್ನು ದಾಟಿ ಹೋದರು. ಆದರೆ ಮುಗಿಸಿದೆ ಕಣ್ರೀ! ಮೆಡಲ್ ಕೊರಳಿಗೆ ಬಿದ್ದದ್ದೇ ಅಲ್ಲೇ ರಸ್ತೆಯಲ್ಲಿ ನಾಲ್ಕು ಹೆಜ್ಜೆ ಕುಣಿದೆ. ಆಮೇಲೆ ನನ್ನ ಕಾಲು ನನ್ನ ಮಾತು ಕೇಳಲಿಲ್ಲ.

ಮರುದಿನ ಮೆಟ್ಟಿಲು ಹತ್ತಬಹುದಿತ್ತು, ಇಳಿಯುವಂತಿರಲಿಲ್ಲ. ನಿಂತರೆ ಕೂರುವಂತಿಲ್ಲ, ಕೂತರೆ ಏಳುವಂತಿಲ್ಲ. ಬುದ್ಧಿಯಿದ್ದವರು ಆಸ್ಪತ್ರೆಗೆ ಹೋಗುತ್ತಾರೆ, ನಾನು ಟಿ. ನರಸೀಪುರದ ಬಸ್ಸು ಹತ್ತಿದೆ, ಅಲ್ಲಿ ಅವ್ವ ಇದ್ದಾಳಲ್ಲ. ಇಳಿಯುವಾಗ ಹಿಮ್ಮುಖವಾಗಿ ಕಂಬಿ ಹಿಡಿದುಕೊಂಡು ಏಣಿ ಇಳಿದಂತೆ ಇಳಿದೆ. ಕಂಡಕ್ಟರು ನನ್ನ ಬೆನ್ನು ನೋಡಿ, “ನಿಧಾನ ಕನಜ್ಜಿ” ಅಂದ. ಅವನಿಗೆ ಮುಖ ತೋರಿಸೋಣವೆಂದರೆ ತಿರುಗಲೂ ಆಗಲಿಲ್ಲ.

ಅವ್ವ ಬಾಗಿಲಲ್ಲೇ ಇದ್ದಳು.

“ಯಾಕ್ ಮಗ ಇಂಗ್ ನಡೀತಿದ್ದೀಯೆ? ಯಾರ್ ಒಡುದ್ರು?”

“ಯಾರೂ ಇಲ್ಲ ಕನವ್ವ. ಓಡಿದೆ.”

“ಯಾರ್ ಅಟ್ಟುಸ್ಕ ಬಂದ್ರು?”

“ಯಾರೂ ಬರ್ಲಿಲ್ಲ. ಸುಮ್ನೆ ಓಡಿದೆ, ಹತ್ತು ಕಿಲೋಮೀಟ್ರು.”

ಅವ್ವ ನನ್ನ ಕೊರಳಲ್ಲಿದ್ದ ಮೆಡಲನ್ನು ಹಲ್ಲಲ್ಲಿ ಕಚ್ಚಿ ನೋಡಿ, ಚಿನ್ನವಲ್ಲವೆಂದು ಖಚಿತಪಡಿಸಿಕೊಂಡು, ನನ್ನ ತೊಡೆ ಒತ್ತಿದಳು. ಬೀದಿಗೆಲ್ಲ ಕೇಳುವಂತೆ ಕಿರುಚಿದೆ. ಐಸ್ ಇಡಬೇಕೆಂದು ಫೋನಿನಲ್ಲಿ ಹೇಳಿದ್ದಾರೆ ಎಂದೆ.

“ಐಸಾ? ಅಸಿ ಮೈಗೆ ಐಸಾ?” ಎಂದವಳು ತಟ್ಟನೆ ತುಟಿ ಕಚ್ಚಿಕೊಂಡಳು.

ಹಸಿ ಮೈ ಅನ್ನುವುದು ಹೆತ್ತವರ ಮೈಗೆ. ನನಗೆ ಮಕ್ಕಳಿಲ್ಲ. ಏಳೆಂಟು ವರ್ಷ ಮೈಸೂರಿನ ಆಸ್ಪತ್ರೆಗಳಿಗೆ ಅಲೆದು, ಇನ್ನು ಸಾಕು ಎಂದು ನಿಲ್ಲಿಸಿದ ದಿನ ಅವ್ವನಿಗೆ ಒಂದೇ ಮಾತು ಹೇಳಿದ್ದೆ: ಈ ವಿಷಯ ನನ್ನ ಮುಂದೆ ಎತ್ತಬೇಡ. ಅವಳು ಎತ್ತಲಿಲ್ಲ. ಆದರೆ ಅವ್ವ ಎಂಥವಳು ಗೊತ್ತೇ? ಬೀದಿಯಲ್ಲಿ ಯಾರ ಮನೆಯಲ್ಲಿ ಬಾಣಂತಿಯಿದ್ದರೂ ಎಣ್ಣೆ ತಿಕ್ಕಿ ನೀರು ಹಾಕಲು ಹೋಗುವವಳು, ಕರೆದರೂ ಹೋಗುವವಳು, ಕರೆಯದಿದ್ದರೂ ಹೋಗುವವಳು. ಊರ ಹೆಣ್ಣುಮಕ್ಕಳಿಗೆಲ್ಲ ನೀರು ಹಾಕಿದ ಕೈಗೆ ಸ್ವಂತ ಮಗಳಿಗೆ ಹಾಕುವ ಯೋಗವಿರಲಿಲ್ಲ. ನಾನು ಹೋದಾಗೆಲ್ಲ ಆ ಹರಳೆಣ್ಣೆ ಬಾಟಲಿಯನ್ನು ಅಟ್ಟದ ಮೇಲೆ ಬಚ್ಚಿಡುತ್ತಿದ್ದಳು. ಅದು ನನಗೆ ಗೊತ್ತಿತ್ತು, ಗೊತ್ತಿದ್ದೂ ಸುಮ್ಮನಿರುತ್ತಿದ್ದೆ.

ಆವತ್ತು ಅವಳ ಮುಖ ನೋಡಿ ನಾನೇ ಅಟ್ಟದ ಕಡೆ ಕೈ ತೋರಿಸಿದೆ. “ನಿನಗೆ ಹೆಂಗೆ ಗೊತ್ತೋ ಹಂಗೇ ಮಾಡವ್ವ” ಎಂದೆ.

ಅಷ್ಟೇ ನೋಡಿ, ಅಪ್ಪಣೆ ಸಿಕ್ಕಿತು! ಹಂಡೆಗೆ ಉರಿ ಬಿತ್ತು, ಎಣ್ಣೆ ಕಾಯಿತು. ಅವಳಿಗೆ ತೋರಿಸಲೆಂದು ಹಾಕಿಕೊಂಡು ಹೋಗಿದ್ದ ಓಟದ ಹಸಿರು ಟೀ ಶರ್ಟಿನಲ್ಲೇ ಮಲಗಿಸಿ ತೊಡೆ, ಮೀನಖಂಡ, ಸೊಂಟ ಎಲ್ಲವನ್ನೂ ರೊಟ್ಟಿ ಹಿಟ್ಟು ಮಾಡಿ ನಾದಿದಳು. ಚೊಂಬು ಚೊಂಬು ಸುಡುನೀರು ಹೊಯ್ದಳು. ಸೊಂಟಕ್ಕೆ ಹಳೆ ಸೀರೆ ಬಿಗಿದು, ತಲೆಗೆ ಬಟ್ಟೆ ಕಟ್ಟಿ, ಕಿವಿಗೆ ಹತ್ತಿಯಿಟ್ಟು, ಸಾಂಬ್ರಾಣಿ ಹೊಗೆ ಹಾಕಿ, ಕಂಬಳಿಯೊಳಗೆ ತುರುಕಿದಳು. ಓಡಿದ್ದು ಕಾಲು, ಕಿವಿಗೆ ಹತ್ತಿ ಯಾಕೆ ಎಂದದ್ದಕ್ಕೆ ಇನ್ನಷ್ಟು ಹತ್ತಿ ತುರುಕಿದಳು. ಊಟಕ್ಕೆ ಮೆಣಸು ಬೆಳ್ಳುಳ್ಳಿ ಸಾರು. ಮೊಸರು ಕೇಳಿದರೆ ಕಣ್ಣು ಕೆಂಪು. ನಮ್ಮ ಹಳೇ ಕಕ್ಕಸಿನಲ್ಲಿ ಕುಕ್ಕರಗಾಲಲ್ಲಿ ಕೂರುವುದೊಂದೇ ನನ್ನ ಕಷ್ಟವಾಗಿ ಉಳಿಯಿತು. ಅಲ್ಲಿಗೂ ಒಂದು ಹಗ್ಗ ಕಟ್ಟಿಕೊಟ್ಟಳು.

ಮೂರನೆಯ ದಿನ ಹಗ್ಗವಿಲ್ಲದೆ ಕೂತೆ, ಎದ್ದೆ. ನೋವು ಪೂರ್ತಿ ಹೋಗಿತ್ತು. ಹೊರಗೆ ಬಂದರೆ ಅವ್ವ ಎಣ್ಣೆ ಬಟ್ಟಲು ಹಿಡಿದು ನಿಂತಿದ್ದಳು.

“ಇನ್ನೂ ನೋಯ್ತದಾ ಮಗ?”

“ನೋಯ್ತದೆ ಕನವ್ವ” ಎಂದೆ.

ಮಗಳಿಗೆ ನೋವಿದೆ ಎಂದು ಕೇಳಿ ಅಷ್ಟು ಖುಷಿಪಟ್ಟ ತಾಯಿಯನ್ನು ನಾನು ಬೇರೆಲ್ಲೂ ಕಂಡಿಲ್ಲ. ಕಾರ್ಖಾನೆಗೆ ಫೋನ್ ಮಾಡಿ ಜ್ವರ ಎಂದೆ. ಮನೆಯಲ್ಲಿ ಕುಂಟಿದೆ. ಯಾವ ಕಾಲು ಕುಂಟಬೇಕೆಂಬುದು ಮರೆತು ಒಂದೊಂದು ಸಲ ಎರಡನ್ನೂ ಕುಂಟಿದೆ.

ಐದನೆಯ ದಿನ ಪಕ್ಕದ ಮನೆ ನಾಗಮ್ಮ ಸಾಂಬ್ರಾಣಿ ಹೊಗೆ ನೋಡಿ ಬಂದಳು. ನಾನು ಒಳಗೆ ಕಂಬಳಿಯಲ್ಲಿ ಕಿವಿಯ ಹತ್ತಿ ತೆಗೆದೆ.

“ಯಾರಕ್ಕ ಬಾಣ್ತಿ, ನಿಮ್ಮನೇಲಿ?”

“ನನ್ ಮಗ್ಳು ಕನವ್ವ.”

“ಅಯ್ಯೋ, ಏಳ್ನೇ ಇಲ್ವಲ್ಲಾ! ಗಂಡು ಕೂಸೋ ಎಣ್ಣು ಕೂಸೋ?”

ಅವ್ವನ ದನಿ ಗಟ್ಟಿಯಾಗಿ ಕೇಳಿಸಿತು: “ಎರಡೂ ಅಲ್ಲ. ಅತ್ತು ಕಿಲೋಮೀಟ್ರು ಎತ್ತವ್ಳೆ!”

ನಾನು ಕಂಬಳಿ ಬಾಯಿಗೆ ತುರುಕಿಕೊಂಡು ನಕ್ಕೆ. ನಗುತ್ತಲೇ ಅತ್ತೆ. ಅವ್ವನೂ ಹೊರಗೆ ನಗುತ್ತಿದ್ದಳು, ನಾಗಮ್ಮ ಏನೆಂದು ತಿಳಿಯದೆ ಜೊತೆಗೆ ನಗುತ್ತಿದ್ದಳು. ಹತ್ತು ಕಿಲೋಮೀಟರಿಗೆ ಹತ್ತು ದಿನ ಬಾಣಂತನ ಮಾಡಿಸಿಕೊಂಡು, ಎರಡು ಕೆಜಿ ಹೆಚ್ಚಾಗಿ ನಂಜನಗೂಡಿಗೆ ಬಂದೆ.

ಈಗ ಬೀರುವಿನ ಮುಂದೆ ಕೂತೇ ಫೋನ್ ತೆಗೆದೆ. ಮುಂದಿನ ತಿಂಗಳು ಇಪ್ಪತ್ತೊಂದು ಕಿಲೋಮೀಟರಿನ ಓಟವಂತೆ; ಹೆಸರು ಬರೆಸಿ ಅವ್ವನಿಗೆ ಕರೆ ಮಾಡಿದೆ. ಇಷ್ಟು ವರ್ಷ ಅವಳ ಬಾಯಿಗೆ ಬೀಗ ಹಾಕಿಸಿದ್ದ ಮಾತನ್ನು ನಾನೇ ಆಡಿದೆ.

“ಅವ್ವ, ಇನ್ನೊಂದು ಬಾಣಂತನ ಬರ್ತಿದೆ. ಮಾಡ್ತೀಯಾ?”

ಆ ಕಡೆ ಮೂಗು ಒರೆಸಿಕೊಂಡದ್ದು ಕೇಳಿಸಿತು.

“ಎಷ್ಟು ಕಿಲೋಮೀಟ್ರು?”

“ಇಪ್ಪತ್ತೊಂದು.”

“ಅಂಗಾದ್ರೆ ಅವಳಿ ಜವಳಿ ಬುಡು! ಒಂದ್ ತಿಂಗ್ಳು ರಜ ಆಕು. ಓದ್ಸಲ ಮೂರೇ ದಿನ್ಕೆ ವಾಸಿಯಾಗಿತ್ತು, ನನ್ ಕೈಗೆ ತಿಳೀನಿಲ್ಲ ಅನ್ಕಂಡಿದ್ಯಾ? ಈ ಸಲ ಸುಳ್ಳೇಳ್ಬ್ಯಾಡ ಮಗ. ನೋವಿರ್ಲಿ, ಇಲ್ದೇ ಓಗ್ಲಿ, ಸುಮ್ಕೆ ಬಾ.”